ಬೇರೆ ಊರಿನ ಲಾಡ್ಜ್‌ನಲ್ಲಿ ನಿದ್ದೆ ಬರಬೇಕಾದರೆ

ಮನೆಯಲ್ಲಿ ದಿಂಬಿಗೆ ತಲೆ ಕೊಟ್ಟ ತಕ್ಷಣ ಗೊರಕೆ ಹೊಡೆಯುವವರು ಕೂಡ ಲಾಡ್ಜ್ ರೂಮಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ಮಗ್ಗುಲು ಬದಲಿಸುತ್ತಾ ಇರುತ್ತಾರೆ. ಕೆಲಸದ ಮೇಲೆ ಊರೂರು ತಿರುಗುವವರು, ಮದುವೆಗೆ ಹೋದವರು, ಮಗಳ ಕೌನ್ಸೆಲಿಂಗ್ ಅಂತ ಬೆಂಗಳೂರಿಗೆ ಬಂದು ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿದವರು, ಎಲ್ಲರದೂ ಇದೇ ಕಥೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ ಹೇಳಿ ಕೆಲವರು ತಪ್ಪನ್ನು ನಮ್ಮ ಮೇಲೇ ಹಾಕುತ್ತಾರೆ. ಲಾಡ್ಜ್ ವಿಷಯದಲ್ಲಿ ಆ ಗಾದೆ ನಡೆಯುವುದಿಲ್ಲ. ಯಾವ ಚಿಂತೆಯೂ ಇಲ್ಲದೆ ಆರಾಮಾಗಿ ಟೂರ್ ಹೋದವರಿಗೂ ಮೊದಲ ರಾತ್ರಿ ನಿದ್ದೆ ಕೆಡುತ್ತದೆ.

ಕಾರಣ ಮಿದುಳಿನಲ್ಲೇ ಇದೆ. ನಿದ್ದೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಇದು 1960ರ ದಶಕದಿಂದಲೂ ಗೊತ್ತು. ಲ್ಯಾಬ್‌ಗೆ ಬಂದು ಮಲಗುವವರ ಮೊದಲ ರಾತ್ರಿಯ ನಿದ್ದೆ ಸಾಮಾನ್ಯವಾಗಿ ಕೆಟ್ಟಿರುತ್ತದೆ, ಹಾಗಾಗಿ ಎಷ್ಟೋ ಅಧ್ಯಯನಗಳಲ್ಲಿ ಆ ರಾತ್ರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೋ ತಮಾಕಿ, ಯುಕಾ ಸಸಾಕಿ ಮತ್ತು ಅವರ ಜೊತೆಯವರು ಹೀಗೆ ಯಾಕಾಗುತ್ತದೆ ಅಂತ ನೋಡಿದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಬಲಭಾಗ ಆಳವಾಗಿ ಮಲಗಿದ್ದರೂ ಎಡಭಾಗದ ಕೆಲವು ಜಾಗಗಳು ಅಷ್ಟು ಆಳಕ್ಕೆ ಇಳಿಯಲಿಲ್ಲ. ಎಡ ಮಿದುಳಿಗೆ ಸುದ್ದಿ ಮುಟ್ಟಿಸುವುದು ಹೆಚ್ಚಾಗಿ ಬಲಗಿವಿ. ಆ ಕಿವಿಯಲ್ಲಿ ಸಣ್ಣ ಸದ್ದು ಮಾಡಿದರೆ ಬೇಗ ಎಚ್ಚರ ಆಗುತ್ತಿತ್ತು. ಅದೇ ಜನ ಅದೇ ಜಾಗಕ್ಕೆ ಮತ್ತೆ ಬಂದು ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಡಾಲ್ಫಿನ್‌ಗಳು, ಕೆಲವು ಹಕ್ಕಿಗಳು ಅರ್ಧ ಮಿದುಳು ಎಚ್ಚರ ಇಟ್ಟುಕೊಂಡೇ ಮಲಗುತ್ತವೆ. ನಮ್ಮದು ಅಷ್ಟು ದೂರ ಹೋಗದಿದ್ದರೂ ಹೊಸ ಜಾಗದಲ್ಲಿ ನಮ್ಮ ತಲೆಯೊಳಗೂ ರಾತ್ರಿ ಪಾಳಿಯ ವಾಚ್‌ಮನ್ ಒಬ್ಬ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.

ಇವನನ್ನು ಬಲವಂತವಾಗಿ ಮಲಗಿಸಲು ಆಗುವುದಿಲ್ಲ. ಅವನು ಎದ್ದು ನೋಡುವಂಥ ಸದ್ದು, ಬೆಳಕು, ಅನುಮಾನ ಯಾವುದೂ ಇಲ್ಲದ ಹಾಗೆ ಮಾಡಬಹುದು. ಆ ಕೆಲಸವನ್ನು ರಾತ್ರಿ ಹನ್ನೊಂದಕ್ಕೆ ಹಾಸಿಗೆ ಮೇಲೆ ಬಿದ್ದುಕೊಂಡು ಮಾಡಲಾಗದು. ರೂಮ್ ಕೇಳುವಾಗಲೇ ಶುರು ಮಾಡಬೇಕು.

ಕೌಂಟರ್‌ನಲ್ಲಿ ಬಾಯಿ ಬಿಡಿ

ನಮ್ಮಲ್ಲಿ ಬಹಳ ಜನ ರಿಸೆಪ್ಷನ್‌ನಲ್ಲಿ ಆಧಾರ್ ಕೊಟ್ಟು, ಸಹಿ ಹಾಕಿ, ಕೊಟ್ಟ ಕೀ ತೆಗೆದುಕೊಂಡು ಸುಮ್ನೆ ಲಿಫ್ಟ್ ಹತ್ತುತ್ತಾರೆ. ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅನ್ನೋ ಸಂಕೋಚ. ಅವರೇನೂ ಅಂದುಕೊಳ್ಳುವುದಿಲ್ಲ. ಖಾಲಿ ಇರುವ ರೂಮುಗಳಲ್ಲಿ ಯಾವುದನ್ನು ಕೊಟ್ಟರೂ ಅವರಿಗೆ ಒಂದೇ, ನಿಮಗೆ ಮಾತ್ರ ಒಂದೇ ಅಲ್ಲ. "ಸಾರ್, ರೋಡ್ ಸೈಡ್ ಬೇಡ, ಲಿಫ್ಟ್ ಪಕ್ಕದ್ದು ಬೇಡ, ಒಳಗಡೆ ರೂಮ್ ಕೊಡಿ" ಅನ್ನಿ. ಇಷ್ಟು ಸಾಕು.

ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್ ಆದರೆ ರೋಡ್ ಕಡೆಯ ಕಿಟಕಿ ಅಂದರೆ ಬೆಳಗಿನ ಜಾವ ನಾಲ್ಕೂವರೆಗೇ ಎಂಜಿನ್ ಸ್ಟಾರ್ಟ್ ಮಾಡಿ ನಿಲ್ಲಿಸಿದ ಬಸ್ಸು, ಅದರ ಬಾಗಿಲಲ್ಲಿ ನಿಂತು "ಹುಬ್ಳಿ ಹುಬ್ಳಿ ಹುಬ್ಳಿ" ಅನ್ನುವ ಕಂಡಕ್ಟರ್. ಹಾಗಂತ ಹಿಂದುಗಡೆ ರೂಮ್ ಎಲ್ಲ ಒಳ್ಳೆಯದು ಅಂತಲೂ ಅಲ್ಲ. ಜನರೇಟರ್ ಇಡುವುದು ಹಿಂದೆಯೇ, ಅಡುಗೆಮನೆ ಎಕ್ಸಾಸ್ಟ್ ಇರುವುದೂ ಹಿಂದೆಯೇ. ಕೆಳಗೆ ಬಾರ್ ಅಂಡ್ ರೆಸ್ಟೋರೆಂಟ್ ಇದ್ದರೆ ರಾತ್ರಿ ಪಾತ್ರೆ ತೊಳೆದು ಮುಗಿಸುವವರೆಗೂ ಸದ್ದು ಇರುತ್ತದೆ. ಅದಕ್ಕೇ ಜನರೇಟರ್ ಎಲ್ಲಿದೆ, ಕಿಚನ್ ಎಲ್ಲಿದೆ ಅಂತ ಕೇಳಿ. ಇನ್ನೊಂದು ಪ್ರಶ್ನೆ ಮರೆಯಬೇಡಿ: "ಇವತ್ತು ಹಾಲ್‌ನಲ್ಲಿ ಫಂಕ್ಷನ್ ಏನಾದ್ರೂ ಇದೆಯಾ?" ಮದುವೆ ಸೀಸನ್‌ನಲ್ಲಿ ಪಾರ್ಟಿ ಹಾಲ್ ಇರುವ ಹೋಟೆಲ್ ಹಿಡಿದರೆ ರಾತ್ರಿ ಆರ್ಕೆಸ್ಟ್ರಾ, ಬೆಳಗ್ಗೆ ಮುಹೂರ್ತಕ್ಕೆ ವಾಲಗ, ಎರಡೂ ಫ್ರೀ. ಕಾನೂನಿನ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಮುಚ್ಚಿದ ಹಾಲ್‌ನ ಒಳಗಿನವರಿಗಷ್ಟೇ ಕೇಳುವಂತೆ ಹಾಕುವುದನ್ನು ಬಿಟ್ಟರೆ, ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಇದು ಇದೆ. ಹಬ್ಬದ ಕೆಲವು ದಿನ ಸರ್ಕಾರ 12ರವರೆಗೆ ಬಿಡಬಹುದು ಅಷ್ಟೇ. ಮೊದಲು ರಿಸೆಪ್ಷನ್‌ಗೆ ಹೇಳಿ, ಕೇಳದಿದ್ದರೆ 112ಕ್ಕೆ ಫೋನ್ ಮಾಡಬಹುದು. ಆದರೆ ಮದುವೆ ಮನೆಯವರ ಜೊತೆ ರಾತ್ರಿ ಜಗಳ ಮಾಡಿ ಬಂದು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಮೊದಲೇ ಕೇಳಿ ಬೇರೆ ಲಾಡ್ಜ್ ನೋಡಿಕೊಳ್ಳುವುದೇ ಮೇಲು.

ಎತ್ತರದ ರೂಮ್ ಒಳ್ಳೆಯದೇ, ಆದರೆ ಕಟ್ಟಕಡೆಯ ಮಹಡಿ ಬೇಡ. ಅದರ ಮೇಲೆ ನೀರಿನ ಟ್ಯಾಂಕ್, ಪೈಪಿನ ಸದ್ದು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್ ತಿಂಗಳಲ್ಲಿ ಹಗಲೆಲ್ಲ ಕಾದ ತಾರಸಿ ಮಧ್ಯರಾತ್ರಿವರೆಗೂ ಬಿಸಿ ಬಿಡುತ್ತಲೇ ಇರುತ್ತದೆ, ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಬರುತ್ತದೆ. ಅದಕ್ಕಿಂತ ಒಂದು ಮಹಡಿ ಕೆಳಗೆ ಕೇಳಿ.

ಆಮೇಲೆ "ಒಂದ್ಸಲ ರೂಮ್ ತೋರಿಸಿ" ಅನ್ನಿ. ನಮ್ಮ ಲಾಡ್ಜ್‌ಗಳಲ್ಲಿ ಇದು ಮಾಮೂಲಿ, ರೂಮ್ ಬಾಯ್ ಕೀ ಹಿಡಿದು ಕರೆದುಕೊಂಡು ಹೋಗುತ್ತಾನೆ. ಬ್ಯಾಗ್ ಕೆಳಗೇ ಇರಲಿ. ಬ್ಯಾಗ್ ಮೇಲೆ ಬಂದರೆ ನಿಮಗೇ "ಹೋಗಲಿ ಬಿಡು" ಅನಿಸಿಬಿಡುತ್ತದೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದರೆ ಹೋಗುವ ಮುಂಚೆ ಹೋಟೆಲ್‌ಗೇ ನೇರವಾಗಿ ಫೋನ್ ಮಾಡಿ ಇದನ್ನೆಲ್ಲ ಹೇಳಿಡಿ.

ರೂಮ್ ಒಳಗೆ, ಲೈಟ್ ಇರುವಾಗಲೇ

ಮೊದಲು ಹಾಸಿಗೆ. ತಲೆ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ. ಹಾಸಿಗೆಯ ಅಂಚಿಗೆ ಸುತ್ತ ಹೊಲಿದ ಪಟ್ಟಿ ಇರುತ್ತದಲ್ಲ, ಅದನ್ನು ಬೆರಳಿನಿಂದ ಬಿಡಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಪೆನ್ನಿನ ಮಸಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆಗಳು ಸಾಲಾಗಿ ಕಂಡರೆ ಅದು ತಿಗಣೆಯ ಹಿಕ್ಕೆ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಚಪ್ಪಟೆ, ಕಂದು ಬಣ್ಣ. ಮಂಚದ ತಲೆಹಲಗೆ ಗೋಡೆಗೆ ತಾಗುವ ಸಂದಿಯನ್ನೂ ನೋಡಿ, ಅಲ್ಲೇ ಜಾಸ್ತಿ ಅಡಗುವುದು. ಕಂಡರೆ ರೂಮ್ ಬದಲಿಸಿ, ಪಕ್ಕದ ರೂಮ್ ಬೇಡ, ಮೇಲಿನದು ಕೆಳಗಿನದೂ ಬೇಡ. ಗೋಡೆ ಸಂದಿಯಿಂದ ಅವು ಓಡಾಡುತ್ತವೆ. ಏನೂ ಕಾಣದಿದ್ದರೂ ಬ್ಯಾಗನ್ನು ಹಾಸಿಗೆ ಮೇಲೆ ಇಡಬೇಡಿ, ಟೇಬಲ್ ಮೇಲಿರಲಿ. ಇದನ್ನು ಮಾಡಿ ಮುಗಿಸಿದರೆ ಇನ್ನೊಂದು ಲಾಭ ಇದೆ: ರಾತ್ರಿ ಕಾಲಿನಲ್ಲಿ ತುರಿಕೆ ಬಂದರೆ "ತಿಗಣೆ ಇರಬಹುದಾ" ಅಂತ ಎದ್ದು ಕೂರುವುದಿಲ್ಲ.

ಸೊಳ್ಳೆಗೂ ಇದೇ ಹೊತ್ತಿನಲ್ಲಿ ವ್ಯವಸ್ಥೆ ಆಗಬೇಕು. ಮಂಗಳೂರು, ಉಡುಪಿ, ಕಾರವಾರ ಕಡೆ ಸಂಜೆ ಆರರೊಳಗೆ ಕಿಟಕಿ ಹಾಕಿ, ಪ್ಲಗ್‌ಗೆ ಹಾಕುವ ಲಿಕ್ವಿಡ್ ಮಷಿನ್ ಕೇಳಿ ಇಸಿದುಕೊಳ್ಳಿ. ಕಿವಿ ಹತ್ತಿರ ಒಂದೇ ಒಂದು ಸೊಳ್ಳೆ ಗುಂಯ್ ಅಂದರೂ ಉಳಿದ ಎಲ್ಲ ತಯಾರಿ ದಂಡ.

ಬಾಗಿಲು. ಚಿಲಕ ಸರಿಯಾಗಿ ಬೀಳುತ್ತದಾ, ಪಕ್ಕದ ರೂಮಿಗೆ ಹೋಗುವ ಬಾಗಿಲು ಇದ್ದರೆ ಅದಕ್ಕೆ ಬೀಗ ಇದೆಯಾ, ಕಿಟಕಿ ಭದ್ರವಾ ಅಂತ ಎಳೆದು ನೋಡಿ. ಒಬ್ಬರೇ ಪ್ರಯಾಣ ಮಾಡುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅವರು ಹೋದ ಕೂಡಲೇ ಮಾಡುವುದೇ ಇದನ್ನು. ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರ್ ತುಂಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಬ್ಯಾಗಿನಲ್ಲಿ ಇದ್ದರೆ ಧೈರ್ಯ. ಹಾಗೇ ಕಾರಿಡಾರ್‌ನಲ್ಲಿ ಮೆಟ್ಟಿಲು ಯಾವ ಕಡೆ, ಎಷ್ಟು ಬಾಗಿಲು ದಾಟಿದರೆ ಸಿಗುತ್ತದೆ ಅಂತ ಒಂದು ಸಲ ನಡೆದು ನೋಡಿ. ಬೆಂಕಿ ಗಿಂಕಿ ಆದರೆ ಬೇಕಾಗುತ್ತದೆ ಅನ್ನುವುದು ಒಂದು, ದಾರಿ ಗೊತ್ತಿದೆ ಅಂದ ಮೇಲೆ ವಾಚ್‌ಮನ್‌ಗೂ ಕೆಲಸ ಕಡಿಮೆ.

ಇನ್ನು ಸ್ವಿಚ್ಚುಗಳು. ಲಾಡ್ಜ್ ಸ್ವಿಚ್‌ಬೋರ್ಡ್ ಒಂದು ಒಗಟು ಅಲ್ವಾ? ಒಂದು ಒತ್ತಿದರೆ ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್ ಗುಡುಗುತ್ತದೆ, ಇನ್ನೊಂದು ಒತ್ತಿದರೆ ಬಾಗಿಲ ಹತ್ತಿರ ಟ್ಯೂಬ್‌ಲೈಟ್ ಹತ್ತುತ್ತದೆ. ಹೋದ ತಕ್ಷಣ ಎಲ್ಲವನ್ನೂ ಒತ್ತಿ ನೋಡಿ, ಹಾಸಿಗೆಯಿಂದ ಕೈಗೆ ಸಿಗುವುದು ಯಾವುದು, ಬಾತ್‌ರೂಮ್‌ನದು ಯಾವುದು ಅಂತ ತಿಳಿದಿರಲಿ. ಮಧ್ಯರಾತ್ರಿ ಎದ್ದಾಗ ತಡಕಾಡಿ ಎಲ್ಲ ಲೈಟ್ ಹಾಕಿಬಿಟ್ಟರೆ ಮತ್ತೆ ನಿದ್ದೆ ಹತ್ತುವುದು ಕಷ್ಟ. ಮೊಬೈಲ್ ಚಾರ್ಜಿಂಗ್ ಪಾಯಿಂಟ್ ಹಾಸಿಗೆಯಿಂದ ದೂರ ಇದೆ ಅಂತ ಬೈದುಕೊಳ್ಳಬೇಡಿ, ಫೋನ್ ಅಲ್ಲೇ ಇರಲಿ, ಒಳ್ಳೆಯದೇ ಆಯಿತು. ಉಸಿರಾಟದ ಸಿಪ್ಯಾಪ್ ಮಷಿನ್ ಹಾಕಿಕೊಳ್ಳುವವರು ಮಾತ್ರ ಎಕ್ಸ್‌ಟೆನ್ಷನ್ ವೈರ್ ತಪ್ಪದೇ ಒಯ್ಯಬೇಕು.

ಲೈಟ್ ಆರಿಸಿ ಒಂದು ನಿಮಿಷ ಕೂತರೆ ಎಲ್ಲಿಂದ ಬೆಳಕು ಬರುತ್ತಿದೆ ಅಂತ ಗೊತ್ತಾಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ಮಡಚಿ ಇಡಿ, ಕಾರಿಡಾರ್ ಬೆಳಕು ನಿಲ್ಲುತ್ತದೆ, ಸದ್ದೂ ಸ್ವಲ್ಪ ಕಡಿಮೆ. ಎರಡು ಕರ್ಟನ್ ನಡುವೆ ಯಾವಾಗಲೂ ಒಂದು ಸೀಳು ಉಳಿಯುತ್ತದೆ, ಬೀರುವಿನಲ್ಲಿರುವ ಪ್ಯಾಂಟ್ ಹ್ಯಾಂಗರ್‌ಗೆ ಕ್ಲಿಪ್ ಇದ್ದರೆ ಅದರಿಂದಲೇ ಎರಡನ್ನೂ ಸೇರಿಸಿ ಕಚ್ಚಿಸಿ. ಮನೆಯಿಂದ ಬಟ್ಟೆ ಒಣಹಾಕುವ ಕ್ಲಿಪ್ ತಂದರೂ ಆಯಿತು. ಟಿವಿ ಪ್ಲಗ್ ತೆಗೆಯಿರಿ, ಎಸಿಯ ನಂಬರ್ ಲೈಟನ್ನು ರಿಮೋಟ್‌ನಿಂದ ಆರಿಸಲು ಆಗದಿದ್ದರೆ ಕಣ್ಣಿಗೆ ಕರ್ಚೀಫ್ ಕಟ್ಟಿಕೊಳ್ಳಿ. ಸೀಲಿಂಗ್‌ನಲ್ಲಿ ಮಿಣುಕುವ ಹೊಗೆ ಪತ್ತೆ ಮಾಡುವ ಡಬ್ಬಿಯನ್ನು ಮಾತ್ರ ಮುಚ್ಚಬೇಡಿ.

ಎಸಿ 18ಕ್ಕೆ ಇಡುವ ಚಟ

ದುಡ್ಡು ಕೊಟ್ಟಿದ್ದೀವಿ ಅಂತ 18ಕ್ಕೆ ಇಟ್ಟು, ಅದರ ಮೇಲೆ ದಪ್ಪ ರಗ್ಗು ಹೊದ್ದು, ರಾತ್ರಿ ಎರಡಕ್ಕೆ ಮೂಗು ಕಟ್ಟಿ ಏಳುವುದು. ಇದು ನಮ್ಮ ರಾಷ್ಟ್ರೀಯ ಅಭ್ಯಾಸ. ನಿದ್ದೆ ಹತ್ತಲು ದೇಹದ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು, ನಿಜ. ಅದಕ್ಕೆ ರೂಮ್ ತಂಪಾಗಿದ್ದರೆ ಸಾಕು, ಫ್ರಿಜ್ ಆಗಬೇಕಿಲ್ಲ. ಜನವರಿ 2020ರಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು ಆನ್ ಮಾಡಿದಾಗ 24ರಿಂದಲೇ ಶುರುವಾಗುವಂತೆ ಸರ್ಕಾರ ನಿಯಮ ಮಾಡಿದೆ. ವರ್ಷವಿಡೀ ಫ್ಯಾನ್ ಕೆಳಗೆ ಮಲಗುವ ನಮ್ಮಂಥವರಿಗೆ 24 ಇಲ್ಲವೇ 26, ಜೊತೆಗೆ ಫ್ಯಾನ್ ನಿಧಾನಕ್ಕೆ, ಇದೇ ಹಿತ. ಗಾಳಿ ನೇರ ಮುಖಕ್ಕೆ ಹೊಡೆಯದ ಹಾಗೆ ರೆಕ್ಕೆ ಮೇಲಕ್ಕೆ ತಿರುಗಿಸಿ.

ಕೆಲವು ಹೋಟೆಲ್‌ಗಳಲ್ಲಿ ಹೊದಿಕೆಯನ್ನು ಹಾಸಿಗೆ ಕೆಳಗೆ ಬಿಗಿಯಾಗಿ ತುರುಕಿರುತ್ತಾರೆ, ಒಳಗೆ ಕಾಲು ಆಡಿಸಲೂ ಆಗದು. ಮಲಗುವ ಮುಂಚೆ ಮೂರೂ ಕಡೆ ಎಳೆದು ಬಿಡಿಸಿ. ರಗ್ಗು ಭಾರ ಅನಿಸಿದರೆ ಇನ್ನೊಂದು ಬೆಡ್‌ಶೀಟ್ ಕೇಳಿ, ಕೊಡುತ್ತಾರೆ. ದಿಂಬು ತೀರಾ ಎತ್ತರ ಇದ್ದರೆ ಅದನ್ನು ಪಕ್ಕಕ್ಕಿಟ್ಟು ಟವೆಲ್ ಮಡಚಿ ತಲೆಗೆ ಕೊಡಿ, ಕುತ್ತಿಗೆ ಉಳಿಯುತ್ತದೆ.

ಮನೆಯಿಂದ ಒಂದೇ ಒಂದು ವಸ್ತು ಒಯ್ಯಿ ಅಂದರೆ ನಾನು ಹೇಳುವುದು ನೀವು ದಿನಾ ಮಲಗುವ ದಿಂಬಿನ ಕವರ್. ಒಗೆದದ್ದಲ್ಲ, ಬಳಸುತ್ತಿರುವುದೇ. ನಿಮ್ಮ ಮನೆಯ ಎಣ್ಣೆ, ಸೋಪಿನ ವಾಸನೆ ಅದರಲ್ಲಿ ಇರುತ್ತದೆ. ಲಾಡ್ಜ್ ದಿಂಬಿನ ಫಿನಾಯಿಲ್ ವಾಸನೆ ಮೂಗಿಗೆ ಬಡಿಯುವ ಬದಲು ಗೊತ್ತಿರುವ ವಾಸನೆ ಬಂದರೆ ಅರ್ಧ ಹೊಸತನ ಹೋಗುತ್ತದೆ. ಕಾರಿನಲ್ಲಿ ಹೋಗುವವರಾದರೆ ತೆಳ್ಳನೆ ಕೌದಿಯನ್ನೂ ಹಾಕಿಕೊಳ್ಳಿ, ಜಾಗ ಇದೆಯಲ್ಲ.

ಸದ್ದು

ಸದ್ದು ಜೋರಾಗಿದೆ ಅನ್ನುವುದಕ್ಕಿಂತ ಇದ್ದಕ್ಕಿದ್ದಂತೆ ಬದಲಾಗುತ್ತದೆ ಅನ್ನುವುದು ದೊಡ್ಡ ತೊಂದರೆ. ಒಂದೇ ಸಮ ಗರಗರ ಅನ್ನುವ ಫ್ಯಾನ್ ಕೆಳಗೆ ಹಾಯಾಗಿ ಮಲಗುವವರು ಲಿಫ್ಟ್ "ಟಿಂಗ್" ಅಂದರೆ ಏಳುತ್ತಾರೆ. ಹಾಗಾಗಿ ಪೂರ್ತಿ ಮೌನಕ್ಕಾಗಿ ಹಾತೊರೆಯಬೇಡಿ, ಒಂದು ಸಮಸದ್ದು ಇಟ್ಟುಕೊಳ್ಳಿ. ಫ್ಯಾನ್ ಇದ್ದರೆ ಫ್ಯಾನ್, ಇಲ್ಲದಿದ್ದರೆ ಫೋನ್‌ನಲ್ಲಿ ಮಳೆ ಸದ್ದು ಹಾಕಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಗಿಲ ಕಡೆ ಇಡಿ. ಹೊರಗಿನ ಸದ್ದು ಅದರಲ್ಲಿ ಬೆರೆತು ಹೋಗುತ್ತದೆ.

ಇಯರ್‌ಪ್ಲಗ್ ಕೆಲಸ ಮಾಡುವುದಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಅಂಟಿಸಿಕೊಂಡಿರುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಪಂಜಿನದು ತೆಗೆದುಕೊಳ್ಳಿ. ಎರಡು ಬೆರಳ ನಡುವೆ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಒಳಗಿನ ದಾರಿ ನೇರವಾಗುತ್ತದೆ. ಬಲಗೈಯಿಂದ ಮೆಲ್ಲಗೆ ಒಳಗೆ ಬಿಟ್ಟು, ಅದು ಉಬ್ಬಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ನಿಮ್ಮದೇ ಧ್ವನಿ ತಲೆಯೊಳಗೆ ಕೇಳಿದ ಹಾಗಾದರೆ ಸರಿಯಾಗಿ ಕೂತಿದೆ ಅಂತ ಅರ್ಥ. ತೆಗೆಯುವಾಗ ತಿರುಗಿಸುತ್ತಾ ನಿಧಾನಕ್ಕೆ ತೆಗೆಯಿರಿ. ಎರಡೂ ಕಿವಿ ಮುಚ್ಚಿದರೆ ಭಯ ಅನ್ನುವವರು ಬಲಗಿವಿಗೊಂದಾದರೂ ಹಾಕಿ, ಕಾವಲು ಕೂತವನು ಕೇಳುವುದು ಆ ಕಡೆಯಿಂದ ತಾನೆ.

ಬೆಳಗಿನ ಸದ್ದಿಗೆ ರಾತ್ರಿಯೇ ಏರ್ಪಾಡು ಮಾಡಿ. ಬಾಗಿಲಿಗೆ "ತೊಂದರೆ ಕೊಡಬೇಡಿ" ಬೋರ್ಡ್ ಹಾಕಿದರೂ ಆರೂವರೆಗೆ "ಸಾರ್ ಕಾಫಿ, ಟೀ?" ಅಂತ ತಟ್ಟುವುದು ನಿಲ್ಲುವುದಿಲ್ಲ. ರೂಮ್ ಬಾಯ್‌ಗೇ "ತಮ್ಮಾ, ಎಂಟರವರೆಗೆ ಬಾಗಿಲು ತಟ್ಟಬೇಡ, ಬೇಕಾದ್ರೆ ನಾನೇ ಕರೀತೀನಿ" ಅಂತ ಬಾಯಿಮಾತಲ್ಲಿ ಹೇಳಿ. ಇದು ಬೋರ್ಡಿಗಿಂತ ಗಟ್ಟಿ.

ಹೊಟ್ಟೆ, ಕಾಫಿ, ಸ್ನಾನ

ತಿರುಗಾಟದ ದಿನ ನಾವು ಲೆಕ್ಕ ಇಡದೆ ಕುಡಿಯುವುದು ಕಾಫಿ, ಟೀ. ಹೋದ ಕಡೆಯಲ್ಲೆಲ್ಲ ಒಂದು ಲೋಟ ಕೊಡುತ್ತಾರೆ, ಬೇಡ ಅನ್ನಲು ಮುಜುಗರ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಮಜ್ಜಿಗೆ, ಎಳನೀರು ಕೇಳಿ. ಗುಂಡು ಹಾಕಿದರೆ ನಿದ್ದೆ ಬರುತ್ತದೆ ಅನ್ನುವವರ ಮಾತು ಅರ್ಧ ನಿಜ: ಬೇಗ ಬರುತ್ತದೆ, ಮಧ್ಯರಾತ್ರಿ ಕಳೆದ ಮೇಲೆ ಮತ್ತೆ ಮತ್ತೆ ಒಡೆಯುತ್ತದೆ. ಗೊರಕೆಯೂ ಜಾಸ್ತಿ, ಜೊತೆಗೆ ಮಲಗಿದವರ ನಿದ್ದೆಯೂ ಹೋಗುತ್ತದೆ.

ಬಸ್ ಪ್ರಯಾಣಿಕರದು ಇನ್ನೊಂದು ಪಾಡು. ದಾರಿಯಲ್ಲಿ ಟಾಯ್ಲೆಟ್ ಸರಿ ಇರುವುದಿಲ್ಲ ಅಂತ ಹಗಲೆಲ್ಲ ನೀರು ಕುಡಿಯದೆ, ರೂಮಿಗೆ ಬಂದ ಮೇಲೆ ಒಂದು ಬಾಟಲಿ ಪೂರ್ತಿ ಖಾಲಿ ಮಾಡುತ್ತಾರೆ. ರಾತ್ರಿ ಎರಡು ಸಲ ಎಚ್ಚರ ಆಗದೆ ಇನ್ನೇನು? ಊರು ಮುಟ್ಟಿದ ಕೂಡಲೇ ನೀರು ಕುಡಿಯಿರಿ, ಮಲಗುವಾಗ ಒಂದೆರಡು ಗುಟುಕು ಸಾಕು. ಊಟ ಎಂಟರೊಳಗೆ ಮುಗಿಸಿ. ಹೊಸ ಊರಿನ ಬಿರಿಯಾನಿ ಮಧ್ಯಾಹ್ನಕ್ಕೆ ಇಟ್ಟುಕೊಂಡು ರಾತ್ರಿಗೆ ಇಡ್ಲಿ, ಮೊಸರನ್ನ ಸಾಕು.

ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42 ಡಿಗ್ರಿ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ ಅಂತ 2019ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದವರು ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿ ಹೇಳಿದ್ದರು. ಚರ್ಮಕ್ಕೆ ರಕ್ತ ಹರಿದು ಒಳಗಿನ ಬಿಸಿ ಹೊರಗೆ ಹೋಗುತ್ತದೆ, ಅದೇ ಗುಟ್ಟು. ನಮ್ಮ ಲಾಡ್ಜ್‌ಗಳಲ್ಲಿ ಬಾತ್‌ರೂಮ್ ಬಾಗಿಲ ಮೇಲೆ "ಬಿಸಿನೀರು ಬೆಳಿಗ್ಗೆ 6ರಿಂದ 9" ಅಂತ ಬರೆದಿರುತ್ತದೆ. ಪರವಾಗಿಲ್ಲ, ಒಂದು ಬಕೆಟ್ ತಂದುಕೊಡು ಅಂದರೆ ತರುತ್ತಾರೆ. ಅದೂ ಇಲ್ಲವಾದರೆ ಕೆಟಲ್‌ನಲ್ಲಿ ಕಾಯಿಸಿದ ನೀರನ್ನು ತಣ್ಣೀರಿಗೆ ಬೆರೆಸಿ ಕಾಲು ಮಾತ್ರ ಅದ್ದಿ ಕೂರಿ. ಪಾದ ಬೆಚ್ಚಗಾದರೂ ಅದೇ ಕೆಲಸ ನಡೆಯುತ್ತದೆ.

ಆದರೂ ಬರಲಿಲ್ಲ ಅಂದರೆ

ಟೈಮ್ ನೋಡಬೇಡಿ. ಟೈಮ್ ನೋಡಿದ ಕೂಡಲೇ "ಇನ್ನು ನಾಲ್ಕೇ ಗಂಟೆ" ಅನ್ನುವ ಲೆಕ್ಕ ಶುರುವಾಗುತ್ತದೆ. ಇಪ್ಪತ್ತು ನಿಮಿಷದ ಅಂದಾಜು ಕಳೆದರೂ ಕಣ್ಣು ಹತ್ತದಿದ್ದರೆ ಎದ್ದು ಕುರ್ಚಿಗೆ ಬನ್ನಿ, ಸಣ್ಣ ಲೈಟ್ ಹಾಕಿ, ಬೇಜಾರು ಬರಿಸುವಂಥದ್ದು ಏನಾದರೂ ಓದಿ. ಬಾಗಿಲ ಹಿಂದೆ ಅಂಟಿಸಿದ ಲಾಡ್ಜ್ ನಿಯಮಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಆಕಳಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಹಾಸಿಗೆ ಮೇಲೆ ಲ್ಯಾಪ್‌ಟಾಪ್, ಟಿವಿ, ರೀಲ್ಸ್ ಬೇಡ.

ಜೊತೆಯವರು "ನನ್ನ ಹತ್ರ ಮಾತ್ರೆ ಇದೆ, ಅರ್ಧ ತಗೋ" ಅಂದರೆ ಖಂಡಿತ ಬೇಡ. ನಿದ್ದೆ ಮಾತ್ರೆ ಡಾಕ್ಟರ್ ಚೀಟಿ ಮೇಲೆ ಕೊಡುವಂಥದ್ದು. ಜೋಲ್ಪಿಡೆಮ್‌ನಂಥ ಮಾತ್ರೆ ತೆಗೆದುಕೊಂಡು ಕೆಲವರು ನಿದ್ದೆಯಲ್ಲೇ ಎದ್ದು ನಡೆದದ್ದು, ಗಾಡಿ ಓಡಿಸಿದ್ದು ಉಂಟು, ಅದಕ್ಕೇ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮೇಲೆ ಗಂಭೀರ ಎಚ್ಚರಿಕೆ ಹಾಕಿಸಿತು. ಗೊತ್ತಿಲ್ಲದ ಕಟ್ಟಡ, ಮೂರನೇ ಮಹಡಿ, ಬಾಲ್ಕನಿ ಬೇರೆ. ಮನೆಯಲ್ಲೂ ವಾರಕ್ಕೆ ಮೂರು ರಾತ್ರಿ ಹೀಗೇ ಆಗುತ್ತಾ ಮೂರು ತಿಂಗಳು ಕಳೆದಿದ್ದರೆ ಅದು ಲಾಡ್ಜ್ ತೊಂದರೆ ಅಲ್ಲ, ಡಾಕ್ಟರ್ ಹತ್ತಿರ ಹೋಗಿ. ಅಮೆರಿಕಕ್ಕೆ ಮಕ್ಕಳ ಮನೆಗೆ ಹೋದವರ ಕಷ್ಟವೂ ಬೇರೆಯೇ. ಅಲ್ಲಿ ಹಗಲು ರಾತ್ರಿಯೇ ತಿರುವುಮುರುವು, ಅದಕ್ಕೆ ಬೆಳಗಿನ ಬಿಸಿಲು ಮತ್ತು ಕೆಲವು ದಿನ ಬೇಕು.

ಮಾರನೇ ದಿನ ನೀವೇ ಕಾರ್ ಓಡಿಸಬೇಕಿದ್ದರೆ, ನಿದ್ದೆ ಕೆಟ್ಟ ರಾತ್ರಿಯ ಬೆಳಗಿನ ಜಾವ ಹೊರಡಬೇಡಿ. ಮೀಟಿಂಗ್‌ನಲ್ಲಿ ತೂಕಡಿಸಿದರೆ ನಗುತ್ತಾರೆ ಅಷ್ಟೇ, ಹೈವೇಯಲ್ಲಿ ಹಾಗಲ್ಲ. ಎರಡು ಗಂಟೆ ತಡವಾಗಿ ಹೊರಡಿ, ಫೋನ್ ಮಾಡಿ ತಿಳಿಸಿಬಿಡಿ.

ಎರಡು ರಾತ್ರಿ ಕೆಲಸ ಇದ್ದರೆ ಎರಡನ್ನೂ ಒಂದೇ ಲಾಡ್ಜ್‌ನಲ್ಲಿ, ಅದೇ ರೂಮಿನಲ್ಲಿ ಕಳೆಯಿರಿ. ನೂರಿನ್ನೂರು ರೂಪಾಯಿ ಉಳಿಯುತ್ತದೆ ಅಂತ ಮಧ್ಯೆ ಬದಲಿಸಿದರೆ ಮತ್ತೆ ಮೊದಲ ರಾತ್ರಿಯೇ. ಪದೇ ಪದೇ ಹೋಗುವ ಊರುಗಳಿದ್ದರೆ ಊರಿಗೊಂದು ಲಾಡ್ಜ್ ಗಟ್ಟಿ ಮಾಡಿಕೊಳ್ಳಿ. ಚೆನ್ನಾಗಿ ನಿದ್ದೆ ಬಂದ ರೂಮಿನ ನಂಬರ್, ಯಾವ ಮಹಡಿ, ಕಿಟಕಿ ಯಾವ ಕಡೆ ಅಂತ ಫೋನ್‌ನಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಹೊರಡುವ ಹಿಂದಿನ ದಿನ ಮ್ಯಾನೇಜರ್‌ಗೆ ಫೋನ್ ಮಾಡಿ "ಹೋದ ಸಲ 206 ಕೊಟ್ಟಿದ್ರಲ್ಲ ಸಾರ್, ಅದೇ ಇಟ್ಟಿರಿ" ಅನ್ನಿ. ಖಾಲಿ ಇದ್ದರೆ ಇಡುತ್ತಾರೆ.